ಸ್ಕೂಲ್ ಕೈಬಿಟ್ಟ ಕ್ರೋಮ್‌ಬುಕ್‌ಗಳಿಗೆ ಡೆಬಿಯನ್: ಹನ್ನೆರಡು ಲ್ಯಾಪ್‌ಟಾಪ್, ಆರು ಶನಿವಾರ

ಊಟದ ಮೇಜಿನ ಮೇಲೆ ಹನ್ನೆರಡು ಲ್ಯಾಪ್‌ಟಾಪ್ ಸಾಲಾಗಿ ಇಟ್ಟಿದ್ದೆ. ಅಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದು ನೋಡಿದರು.

"ಇವೆಲ್ಲಾ ಕೆಟ್ಟು ಹೋಗಿರೋವಾ?"

"ಕೆಟ್ಟಿಲ್ಲ ಅಪ್ಪ. ಸ್ಕೂಲ್‌ನವರಿಗೆ ಬೇಡವಾಗಿವೆ, ಅಷ್ಟೇ."

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಹಳೇ ಸಾಮಾನನ್ನು ಆಗಾಗ ಹರಾಜು ಹಾಕುತ್ತವೆ. ಬೆಂಚು, ಪ್ರಿಂಟರ್, ಕೆಲವೊಮ್ಮೆ ಹಳೇ ಸ್ಕೂಲ್ ಬಸ್ಸು ಕೂಡ. ಈ ಸಲ ಒಂದು ಪೆಟ್ಟಿಗೆ ತುಂಬಾ ಡೆಲ್ ಕ್ರೋಮ್‌ಬುಕ್ 3180 ಸಿಕ್ಕವು, ಗೂಗಲ್‌ನ ಕ್ರೋಮ್‌ಓಎಸ್ ಮೇಲೆ ಓಡುವ ಸಣ್ಣ ಲ್ಯಾಪ್‌ಟಾಪ್‌ಗಳು. ಹನ್ನೆರಡಕ್ಕೆ 180 ಡಾಲರ್. ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳು ಇನ್ನೂ ಕಾಗದದ ಮೇಲೇ ಬರೆಯುತ್ತಾರೆ. ಅದು ಒಳ್ಳೆಯದೇ. ಆದರೆ ದೊಡ್ಡ ಮಕ್ಕಳು ಕನ್ನಡ ಟೈಪ್ ಮಾಡಲು ಕಲಿಯದೇ ಹೋದರೆ, ಕಲಿತ ಅಕ್ಷರ ನೋಟ್‌ಬುಕ್ಕಿನಲ್ಲೇ ಉಳಿದುಬಿಡುತ್ತದೆ. ನನಗೆ ಈ ಚಿಂತೆ ಬಹಳ ದಿನದಿಂದ ಇತ್ತು. ಮಗಳಿಗೆ ಸ್ಕೂಲ್‌ನಲ್ಲಿ ಕೊಟ್ಟಿರುವ ಕ್ರೋಮ್‌ಬುಕ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಲು ಹೋದರೆ ಆಗುವುದಿಲ್ಲ. ಕ್ರೋಮ್‌ಓಎಸ್‌ನಲ್ಲಿ ಕನ್ನಡ ಇದೆ. ಆದರೆ ಯಾವ ಭಾಷೆಯ ಕೀಬೋರ್ಡ್ ಬಳಸಬಹುದು ಎಂದು ಸ್ಕೂಲ್‌ನ ಅಡ್ಮಿನ್ ತೀರ್ಮಾನಿಸುತ್ತಾರೆ. ಪಟ್ಟಿಯಲ್ಲಿ ಇಲ್ಲ ಅಂದರೆ ಇಲ್ಲ. ಹಾಗಾಗಿ ಈ ಹನ್ನೆರಡಕ್ಕೆ ಕ್ರೋಮ್‌ಓಎಸ್ ತೆಗೆದು ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಲು ಹೊರಟೆ.

ನಮ್ಮ ಹನ್ನೆರಡರ ಒಳಗೆ ಇರುವುದು ಇಷ್ಟು: ಇಂಟೆಲ್ ಸೆಲೆರಾನ್ ಎನ್3060, ಎರಡು ಕೋರ್, 4 ಜಿಬಿ ರ‍್ಯಾಮ್, 16 ಜಿಬಿ ಇಎಂಎಂಸಿ ಸ್ಟೋರೇಜ್, 11.6 ಇಂಚಿನ ಪರದೆ. ಪ್ರೊಸೆಸರ್, ರ‍್ಯಾಮ್, ಸ್ಟೋರೇಜ್ ಮೂರೂ ಬೋರ್ಡಿಗೇ ಬೆಸುಗೆ ಹಾಕಿದ್ದು. ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ. ಆದರೆ ಮೈ ಗಟ್ಟಿ. ಮಕ್ಕಳು ಬೀಳಿಸುತ್ತಾರೆ ಅಂತಲೇ ಸುತ್ತ ರಬ್ಬರ್ ಅಂಚು ಕೊಟ್ಟಿದ್ದಾರೆ. ಇವು ಮೂಲೆಗೆ ಬಿದ್ದಿದ್ದು ಯಂತ್ರ ಹಾಳಾಗಿ ಅಲ್ಲ, ಅಪ್‌ಡೇಟ್ ನಿಂತಿದ್ದಕ್ಕೆ. 2021ರಿಂದ ಈಚೆಗೆ ಬಂದ ಮಾದರಿಗಳಿಗೆ 10 ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದು ಗೂಗಲ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಇವು ಅದಕ್ಕಿಂತ ಹಳೆಯವು.

ಪ್ರತಿಯೊಂದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ 1ರಿಂದ 12ರವರೆಗೆ ನಂಬರ್ ಬರೆದೆ. ಜೊತೆಗೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ. ಇದು ಸಣ್ಣ ಕೆಲಸ ಅನ್ನಿಸಬಹುದು. ಆರನೇ ನಂಬರನ್ನು ಉಳಿಸಿದ್ದು ಇದೇ.

ಬೀಗ ಎಲ್ಲೆಲ್ಲಿದೆ

ಸ್ಕೂಲ್ ಕ್ರೋಮ್‌ಬುಕ್‌ನಲ್ಲಿ ಬೀಗ ಒಂದಲ್ಲ, ಎರಡು. ಇದನ್ನು ಮೊದಲೇ ತಿಳಿದುಕೊಂಡರೆ ಸುಮ್ನೆ ಒದ್ದಾಡುವುದು ತಪ್ಪುತ್ತದೆ.

ಮೊದಲನೆಯದು ಎನ್‌ರೋಲ್‌ಮೆಂಟ್. ಲ್ಯಾಪ್‌ಟಾಪ್ ತನ್ನ ಸೀರಿಯಲ್ ನಂಬರ್ ಮೂಲಕ ಸ್ಕೂಲ್ ಡಿಸ್ಟ್ರಿಕ್ಟ್‌ನ ಖಾತೆಗೆ ಕಟ್ಟಿಕೊಂಡಿರುತ್ತದೆ. ಪೂರ್ತಿ ಅಳಿಸಿದರೂ ವೈಫೈ ಸಿಕ್ಕ ಕೂಡಲೇ "ನಾನು ಇಂಥವರದ್ದು" ಎಂದು ಮತ್ತೆ ಅಲ್ಲಿಗೇ ಹೋಗಿ ಸೇರಿಕೊಳ್ಳುತ್ತದೆ. ಬೇರೆ ಸಾಫ್ಟ್‌ವೇರ್ ಹಾಕಲು ಬೇಕಾದ ಡೆವಲಪರ್ ಮೋಡ್‌ಗೂ ಬಿಡುವುದಿಲ್ಲ. ಇದನ್ನು ಬಿಡಿಸುವ ಅಧಿಕಾರ ಆ ಖಾತೆಯ ಅಡ್ಮಿನ್‌ಗೆ ಇದೆ. ಅವರು ತಮ್ಮ ಕನ್ಸೋಲ್‌ನಲ್ಲಿ ಆ ಸೀರಿಯಲ್ ನಂಬರನ್ನು ಡಿಪ್ರೊವಿಷನ್ ಮಾಡಬೇಕು, ಅಂದರೆ ಖಾತೆಯಿಂದ ಬಿಡಿಸಬೇಕು.

ಎರಡನೆಯದು ಫರ್ಮ್‌ವೇರ್‌ನ ರೈಟ್ ಪ್ರೊಟೆಕ್ಟ್. ಫರ್ಮ್‌ವೇರ್ ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನ ಚಿಪ್‌ನಲ್ಲೇ ಇರುವ ಪ್ರೋಗ್ರಾಂ. ಅದನ್ನು ಬದಲಿಸದಂತೆ ತಡೆಯುವುದು ರೈಟ್ ಪ್ರೊಟೆಕ್ಟ್. ಅದು ಯಂತ್ರದ ಒಳಗೇ ಇರುವ ಬೀಗ. ಕೀಲಿ ಒಂದು ಸ್ಕ್ರೂ ಡ್ರೈವರ್.

ಹರಾಜಿಗೆ ಹಾಕುವ ಮೊದಲು ಡಿಸ್ಟ್ರಿಕ್ಟ್‌ನವರು ಎಲ್ಲವನ್ನೂ ಬಿಡಿಸಿರಬೇಕು. ಒಂದೊಂದನ್ನೇ ಆನ್ ಮಾಡಿ ನೋಡಿದೆ. ಮೂರನೇ ನಂಬರಿನ ಪರದೆ ಒಡೆದಿತ್ತು, ಬೋರ್ಡಿಗೂ ಜೀವ ಇರಲಿಲ್ಲ. ಒಂಬತ್ತನೆಯದು ಮಾತ್ರ ಇನ್ನೂ ಹಳೇ ಡಿಸ್ಟ್ರಿಕ್ಟ್‌ನ ಹೆಸರೇ ಹೇಳುತ್ತಿತ್ತು. ಉಳಿದ ಹತ್ತೂ ಸ್ವತಂತ್ರ. ಒಂಬತ್ತರ ಫೋಟೊ, ಸೀರಿಯಲ್ ನಂಬರ್, ಹರಾಜಿನ ರಸೀದಿ ಎಲ್ಲಾ ಸೇರಿಸಿ ಅವರ ಟೆಕ್ನಾಲಜಿ ವಿಭಾಗಕ್ಕೆ ಇಮೇಲ್ ಕಳಿಸಿ, ಅದನ್ನು ಪಕ್ಕಕ್ಕಿಟ್ಟೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಬೀದಿಯ ಹುಡುಗನೊಬ್ಬ, ಹನ್ನೊಂದನೇ ಕ್ಲಾಸು, ಈ ಕೆಲಸಕ್ಕೆ ನನ್ನ ಜೊತೆ ಕೂತಿದ್ದ. ಕೈ ಬಹಳ ಚುರುಕು. ಅವನು ಕೇಳಿದ, "ಅಂಕಲ್, ಶಿಮ್‌ಬೂಟ್ ಅಂತ ಇದೆಯಲ್ಲಾ, ಅದನ್ನು ಯುಎಸ್‌ಬಿಗೆ ಹಾಕಿದರೆ ನನ್ನ ಸ್ಕೂಲ್ ಕ್ರೋಮ್‌ಬುಕ್‌ನಲ್ಲೂ ಡೆಬಿಯನ್ ಓಡುತ್ತೆ ಅಲ್ವಾ?" ಓಡುತ್ತದೆ, ನಿಜ. ಸರ್ವೀಸ್ ಸೆಂಟರ್‌ನವರಿಗೆಂದು ಗೂಗಲ್ ಸಹಿ ಹಾಕಿದ ರಿಪೇರಿ ಇಮೇಜ್ ಇರುತ್ತದೆ. ಅದನ್ನೇ ಬೂಟ್‌ಲೋಡರ್ ಮಾಡಿಕೊಂಡು ಡೆಬಿಯನ್ ಎಬ್ಬಿಸುವ ಯೋಜನೆ ಅದು. ಎಂಜಿನಿಯರಿಂಗ್ ಆಗಿ ನೋಡಿದರೆ ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೆ ಅವನ ಕೈಯಲ್ಲಿರುವ ಲ್ಯಾಪ್‌ಟಾಪ್ ಅವನದಲ್ಲ, ಸ್ಕೂಲ್‌ನದು. ಅದರ ಬೀಗವೂ ಅವರದೇ. ಸಿಕ್ಕಿಬಿದ್ದರೆ ಶಿಕ್ಷೆ ಆಗುವುದು ಅವನಿಗೆ. "ಅದನ್ನು ಮುಟ್ಟಬೇಡ ಮಗು. ಇಲ್ಲಿರೋದರಲ್ಲಿ ಒಂದನ್ನು ನೀನೇ ಬಿಚ್ಚು, ನೀನೇ ಹಾಕು, ನೀನೇ ಇಟ್ಕೋ" ಅಂದೆ. ಏಳನೇ ನಂಬರ್ ಅವನದಾಯಿತು.

ಸ್ಕ್ರೂ

ಡೆವಲಪರ್ ಮೋಡ್‌ಗೆ ಹೋಗುವುದು ಸುಲಭ. ಎಸ್ಕೇಪ್, ರಿಫ್ರೆಶ್, ಪವರ್ ಮೂರನ್ನೂ ಒಟ್ಟಿಗೆ ಒತ್ತಬೇಕು. ರಿಕವರಿ ಪರದೆ ಬಂದ ಮೇಲೆ ಕಂಟ್ರೋಲ್ ಮತ್ತು ಡಿ, ಆಮೇಲೆ ಎಂಟರ್. ಇದ್ದಿದ್ದೆಲ್ಲಾ ಅಳಿಸಿಕೊಂಡು ಮತ್ತೆ ಏಳುತ್ತದೆ. ಇಲ್ಲಿ ಒಂದು ತೊಡಕು ಬಂತು. ಎರಡು ಲ್ಯಾಪ್‌ಟಾಪ್‌ಗಳು ಡಿಪ್ರೊವಿಷನ್ ಆಗಿದ್ದರೂ ಡೆವಲಪರ್ ಮೋಡ್‌ಗೆ ಒಪ್ಪಲಿಲ್ಲ. ಕಾರಣ, ಹಳೇ ನಿಷೇಧದ ಗುರುತು ಟಿಪಿಎಂ ಎಂಬ ಭದ್ರತಾ ಚಿಪ್‌ನಲ್ಲಿ ಉಳಿದಿತ್ತು. ಒಂದು ಸಲ ವೈಫೈಗೆ ಸೇರಿಸಿ, ಮಾಮೂಲಿ ಸೆಟಪ್ ಶುರು ಮಾಡಿದರೆ ಅದು ಗೂಗಲ್‌ನ ಸರ್ವರ್ ಕೇಳಿ, "ನನಗೆ ಈಗ ಯಜಮಾನರಿಲ್ಲ" ಎಂದು ತಿಳಿದುಕೊಂಡು ಆ ಗುರುತನ್ನು ಅಳಿಸುತ್ತದೆ. ಆಮೇಲೆ ಸರಾಗ.

ಡೆವಲಪರ್ ಮೋಡ್‌ನಲ್ಲೇ ಬಿಟ್ಟುಬಿಡಬಹುದಿತ್ತಲ್ಲ ಎಂದು ಕೆಲವರು ಕೇಳಬಹುದು. ಮಕ್ಕಳ ಕೈಗೆ ಕೊಡುವುದಕ್ಕೆ ಅದು ಆಗುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಎಚ್ಚರಿಕೆಯ ಪರದೆ ಬರುತ್ತದೆ. ಅಲ್ಲಿ ಗೊತ್ತಿಲ್ಲದೆ ಸ್ಪೇಸ್ ಒತ್ತಿ ಮುಂದಕ್ಕೆ ಹೋದರೆ ಎಲ್ಲಾ ಅಳಿಸಿ ಮೊದಲಿನ ಹಾಗಾಗಿಬಿಡುತ್ತದೆ. ಹಾಗಾಗಿ ಫರ್ಮ್‌ವೇರ್ ಅನ್ನೇ ಪೂರ್ತಿ ಬದಲಿಸುವುದು ಎಂದು ತೀರ್ಮಾನಿಸಿದೆ. ಅದಕ್ಕೆ ಆ ಸ್ಕ್ರೂ ಬಿಚ್ಚಬೇಕು.

ಹಿಂದಿನ ಮುಚ್ಚಳ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಬೋರ್ಡಿನ ಮೇಲೆ ಸ್ಕ್ರೂಗಳು ಬಹಳ ಇವೆ. ನಮಗೆ ಬೇಕಾದ್ದು ಯಾವುದು ಎಂದು ಹುಡುಗ ಟಾರ್ಚ್ ಹಿಡಿದು ಹುಡುಕಿದ. ಮಾಮೂಲಿ ಸ್ಕ್ರೂ ಬಿಚ್ಚಿದರೆ ರಂಧ್ರದ ಸುತ್ತ ತಾಮ್ರದ ಉಂಗುರ ಒಂದೇ ಸುತ್ತು, ಎಲ್ಲೂ ತುಂಡಾಗಿರುವುದಿಲ್ಲ. ಈ ಸ್ಕ್ರೂ ಕೆಳಗೆ ಮಾತ್ರ ಉಂಗುರ ಸೀಳಿರುತ್ತದೆ. ಭಾಗ ಭಾಗವಾಗಿ, ನಡುವೆ ಕೂದಲೆಳೆಯಷ್ಟು ಜಾಗ. ಸ್ಕ್ರೂವಿನ ತಲೆ ಆ ಭಾಗಗಳನ್ನು ಸೇರಿಸುತ್ತದೆ. ಸೇರಿಸಿದಾಗ ಫರ್ಮ್‌ವೇರ್ ಚಿಪ್‌ನ ರೈಟ್ ಪ್ರೊಟೆಕ್ಟ್ ಕಾಲು ಗ್ರೌಂಡ್‌ಗೆ ಹೋಗುತ್ತದೆ. ಕಾಲು ಗ್ರೌಂಡ್‌ನಲ್ಲಿ ಇರುವವರೆಗೂ ರಕ್ಷಣೆಯ ಗುರುತು ಇರುವ ಚಿಪ್‌ನ ಸ್ಟೇಟಸ್ ರಿಜಿಸ್ಟರ್ ಬದಲಿಸಲು ಬರುವುದಿಲ್ಲ. ಬೀಗ ಅಂದರೆ ಇಷ್ಟೇ. ಅಕ್ಕಿಕಾಳಿನಷ್ಟು ಕಬ್ಬಿಣ.

ಹುಡುಗ ಅದನ್ನು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ನೋಡಿದ. ಪ್ರತಿ ಸ್ಕ್ರೂವನ್ನೂ ಅದದೇ ನಂಬರಿನ ಟೇಪಿಗೆ ಅಂಟಿಸಿ ಒಳಗೇ ಇಟ್ಟಿದ್ದೇವೆ, ಮುಂದೆ ಯಾರಿಗಾದರೂ ಬೇಕಾದೀತು ಎಂದು.

ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ ಫರ್ಮ್‌ವೇರ್ ಬದಲಿಸಲು ಬಳಸಿದ್ದು ಮಿಸ್ಟರ್‌ಕ್ರೋಮ್‌ಬಾಕ್ಸ್ ಅವರ ಸ್ಕ್ರಿಪ್ಟ್. ಅದು ಹಾಕುವುದು ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರ್ ಮೇಲೆ ಕಟ್ಟಿದ ಯುಇಎಫ್‌ಐ, ಮಾಮೂಲಿ ಪಿಸಿಗಳಲ್ಲಿ ಇರುವಂಥದ್ದು. ಕಂಟ್ರೋಲ್, ಆಲ್ಟ್ ಮತ್ತು ಮೇಲಿನ ಸಾಲಿನ ಬಲ ಬಾಣದ ಕೀಲಿ ಒತ್ತಿದರೆ ಟರ್ಮಿನಲ್ ಬರುತ್ತದೆ. ಅಲ್ಲಿ ಸ್ಕ್ರಿಪ್ಟ್ ಇಳಿಸಿಕೊಂಡು ಓಡಿಸಿದರೆ ಬೋರ್ಡಿನ ಹೆಸರು ತೋರಿಸುತ್ತದೆ. 3180ರದ್ದು ಕೆಫ್ಕಾ. ರೈಟ್ ಪ್ರೊಟೆಕ್ಟ್ ಆಫ್ ಆಗಿದೆಯಾ ಎಂಬುದನ್ನೂ ಹೇಳುತ್ತದೆ. ಹಳೇ ಫರ್ಮ್‌ವೇರ್‌ನ ಬ್ಯಾಕಪ್ ಯುಎಸ್‌ಬಿಗೆ ತೆಗೆಯಲಾ ಎಂದು ಕೇಳುತ್ತದೆ. ಇಲ್ಲಿ ಯಾರೂ ಬೇಡ ಅನ್ನಬಾರದು. ಆ 8 ಎಂಬಿ ಫೈಲ್‌ನಲ್ಲಿ ಆ ಲ್ಯಾಪ್‌ಟಾಪಿನದೇ ಸೀರಿಯಲ್ ನಂಬರ್, ಹಾರ್ಡ್‌ವೇರ್ ಗುರುತು ಇರುತ್ತದೆ. ಒಂದರ ಬ್ಯಾಕಪ್ ಇನ್ನೊಂದಕ್ಕೆ ಹಾಕಿದರೆ ಎರಡೂ ಒಂದೇ ಸೀರಿಯಲ್ ನಂಬರ್ ಹೇಳತೊಡಗುತ್ತವೆ. ನಾನು ಪ್ರತಿ ಫೈಲಿಗೂ ಟೇಪಿನ ಮೇಲಿನ ನಂಬರನ್ನೇ ಹೆಸರಾಗಿ ಕೊಟ್ಟೆ.

ಬದಲಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರುತ್ತದೆ. ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳುವ ಹೊತ್ತು ಅದು. ಅರ್ಧ ನಿಮಿಷ ಅಂದರೂ ಮೊದಲನೆಯದರಲ್ಲಿ ಬಹಳ ಉದ್ದ ಅನ್ನಿಸಿತು. ಕಾಯಬೇಕು, ಪವರ್ ಬಟನ್ ಮುಟ್ಟಬಾರದು. ಆಮೇಲೆ ಕೋರ್‌ಬೂಟ್‌ನ ಲೋಗೊ ಆದ ಮೊಲ ಬಂತು. ಹುಡುಗ ಚಪ್ಪಾಳೆ ತಟ್ಟಿದ.

ಆರನೇ ನಂಬರ್

ಆರನೆಯದರ ಬ್ಯಾಟರಿ ಉಬ್ಬಿತ್ತು. ಟಚ್‌ಪ್ಯಾಡ್ ಮೇಲಕ್ಕೆ ತಳ್ಳಿಕೊಂಡಿತ್ತು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು. ಮೆಲ್ಲಗೆ ತೆಗೆದು ಗ್ಯಾರೇಜಿನಲ್ಲಿ ಮರಳಿನ ಡಬ್ಬದಲ್ಲಿಟ್ಟು, ಮಾರನೇ ದಿನ ಬ್ಯಾಟರಿ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಟ್ಟು ಬಂದೆ.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಅಡಾಪ್ಟರ್ ಮೇಲೇ ಫರ್ಮ್‌ವೇರ್ ಬದಲಿಸಲು ಕೂತೆ. ಅರ್ಧದಲ್ಲಿ ಮೇಜಿನ ಕೆಳಗೆ ಯಾರದೋ ಕಾಲು ತಾಗಿ ವೈರ್ ಕಳಚಿತು. ಪರದೆ ಆರಿತು. ಮತ್ತೆ ಹಾಕಿದರೆ ಏನೂ ಇಲ್ಲ. ದೀಪವೂ ಇಲ್ಲ, ಸದ್ದೂ ಇಲ್ಲ. ಬ್ಯಾಟರಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಇದನ್ನು ಓದುವವರು ಇಷ್ಟು ನೆನಪಿಟ್ಟುಕೊಂಡರೂ ನನಗೆ ಸಮಾಧಾನ.

ಬದುಕಿಸಲು ಬೇಕಾಗಿದ್ದು ಸಿಎಚ್341ಎ ಎಂಬ ಪುಟ್ಟ ಪ್ರೋಗ್ರಾಮರ್ (ಚಿಪ್‌ಗೆ ನೇರವಾಗಿ ಬರೆಯುವ ಸಾಧನ), ಎಂಟು ಕಾಲಿನ ಚಿಪ್ ಹಿಡಿಯುವ ಕ್ಲಿಪ್, ಮತ್ತೆ 1.8 ವೋಲ್ಟ್ ಅಡಾಪ್ಟರ್. ಕೊನೆಯದನ್ನು ಮರೆಯಬಾರದು. ಈ ತಲೆಮಾರಿನ ಬೋರ್ಡುಗಳ ಫ್ಲ್ಯಾಶ್ ಚಿಪ್ 1.8 ವೋಲ್ಟ್‌ನದು. ಪ್ರೋಗ್ರಾಮರ್ ನೇರವಾಗಿ ಕೊಡುವುದು 3.3. ಹಾಗೇ ಹಾಕಿದರೆ ಚಿಪ್ ಸುಟ್ಟು ಹೋಗಬಹುದು.

ಕ್ಲಿಪ್ ಕೂರಿಸುವುದೇ ಕಷ್ಟದ ಕೆಲಸ. ಚಿಪ್ ಮೇಲೆ ಒಂದು ಮೂಲೆಯಲ್ಲಿ ಸಣ್ಣ ಚುಕ್ಕಿ ಇರುತ್ತದೆ. ಅದು ಒಂದನೇ ಕಾಲು. ಕ್ಲಿಪ್‌ನ ಕೆಂಪು ವೈರ್ ಆ ಕಡೆ ಬರಬೇಕು. ಮೊದಲ ಎರಡು ಸಲ, ಚಿಪ್ ಓದಿ ಬರೆಯುವ ಫ್ಲ್ಯಾಶ್‌ರಾಮ್ ಎಂಬ ಪ್ರೋಗ್ರಾಂ "ಚಿಪ್ ಸಿಗುತ್ತಿಲ್ಲ" ಎಂದಿತು. ಕ್ಲಿಪ್ ಒಂದು ಕೂದಲಷ್ಟು ಓರೆಯಾಗಿತ್ತು. ಕಾಲುಗಳನ್ನು ಆಲ್ಕೋಹಾಲ್‌ನಿಂದ ಒರೆಸಿ, ಮತ್ತೆ ನೆಟ್ಟಗೆ ಕೂರಿಸಿದೆ. ಸಿಕ್ಕಿತು. ಬರೆಯುವ ಮೊದಲು ಎರಡು ಸಲ ಓದಿಸಿ, ಎರಡು ಫೈಲ್‌ಗಳ ಚೆಕ್‌ಸಮ್ ಹೋಲಿಸಿದೆ. ಒಂದೇ ಬಂದರೆ ಕ್ಲಿಪ್ ಸರಿಯಾಗಿ ಹಿಡಿದಿದೆ ಎಂದರ್ಥ. ಆಮೇಲೆ ಯುಎಸ್‌ಬಿಯಲ್ಲಿದ್ದ "6" ಎಂಬ ಬ್ಯಾಕಪ್ ಬರೆದೆ. ಹತ್ತು ನಿಮಿಷ ಯಾರೂ ಮೇಜಿನ ಹತ್ತಿರ ಬರಲಿಲ್ಲ. ಮೂರನೇ ನಂಬರಿನ ಬ್ಯಾಟರಿ ತೆಗೆದು ಇದಕ್ಕೆ ಹಾಕಿ ಆನ್ ಮಾಡಿದಾಗ ಹಳೇ ಕ್ರೋಮ್ ಲೋಗೊ ಕಾಣಿಸಿತು. ಅದನ್ನು ನೋಡಿ ನಾನು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಮಾರನೇ ಶನಿವಾರ ಮತ್ತೆ ಮೊದಲಿಂದ ಮಾಡಿದೆವು, ಈ ಸಲ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡು.

ಡೆಬಿಯನ್ ಹಾಕಿದ್ದು

ಹಿಂದೆ ಕ್ರೋಮ್‌ಬುಕ್‌ಗೆಂದೇ ಗ್ಯಾಲಿಯಂಓಎಸ್ ಎಂಬ ಲಿನಕ್ಸ್ ಇತ್ತು, ಅದು ನಿಂತು ಹೋಗಿದೆ. ನಾನು ಆರಿಸಿದ್ದು ಡೆಬಿಯನ್ 13, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್. ಡೆಬಿಯನ್ 12ರಿಂದ ವೈಫೈ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಬರುತ್ತದೆ. ಮೊದಲಿನ ಹಾಗೆ ಬೇರೆ ಯುಎಸ್‌ಬಿ ಹುಡುಕಿಕೊಂಡು ಓಡಾಡಬೇಕಿಲ್ಲ.

ಒಂದನೇ ನಂಬರ್ ಇನ್‌ಸ್ಟಾಲ್ ಮುಗಿಸಿ ರೀಬೂಟ್ ಆದಾಗ ಡೆಬಿಯನ್ ಸಿಗಲಿಲ್ಲ, ಬರೀ ಬೂಟ್ ಮೆನು ಬಂತು. ಫೈಲ್‌ನಿಂದ ಬೂಟ್ ಮಾಡುವ ಆಯ್ಕೆಯಲ್ಲಿ ಗ್ರಬ್ (ಡೆಬಿಯನ್ ಎಬ್ಬಿಸುವ ಪ್ರೋಗ್ರಾಂ) ಹುಡುಕಿ ಒಳಗೆ ಹೋದೆ. ರಿಮೂವಬಲ್ ಮೀಡಿಯಾದ ದಾರಿಯಲ್ಲೂ, ಅಂದರೆ ಪೆನ್‌ಡ್ರೈವ್‌ನಂಥವಕ್ಕೆ ಫರ್ಮ್‌ವೇರ್ ಹುಡುಕುವ ಜಾಗದಲ್ಲೂ, ಗ್ರಬ್‌ನ ಒಂದು ಪ್ರತಿ ಹಾಕಿದ ಮೇಲೆ ಸರಿಹೋಯಿತು. ಉಳಿದವಕ್ಕೆ ಎಕ್ಸ್‌ಪರ್ಟ್ ಇನ್‌ಸ್ಟಾಲ್‌ನಲ್ಲಿ ಆ ಪ್ರಶ್ನೆಗೆ ಮೊದಲೇ ಹೌದು ಎಂದೆ.

16 ಜಿಬಿಯಲ್ಲಿ ಜಾಗ ಸಾಲುತ್ತದಾ ಅಂದರೆ, ಸಾಲುತ್ತದೆ. ರ‍್ಯಾಮ್ ತುಂಬಿದಾಗ ಬಳಸುವ ಸ್ವಾಪ್ ಪಾರ್ಟಿಷನ್ ಇಡಲಿಲ್ಲ. ಬದಲಿಗೆ ಝಡ್‌ರ‍್ಯಾಮ್ ಹಾಕಿದೆ, ರ‍್ಯಾಮ್‌ನಲ್ಲೇ ಒತ್ತಿ ಚಿಕ್ಕದು ಮಾಡಿ ಇಟ್ಟುಕೊಳ್ಳುತ್ತದೆ. ಸದ್ದು ಬರಲಿಲ್ಲ, ಕ್ರೋಮ್‌ಬುಕ್‌ಗಳಿಗೆಂದೇ ಇರುವ ಆಡಿಯೊ ಸ್ಕ್ರಿಪ್ಟ್ ಓಡಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಬಂತು. ಯೂಟ್ಯೂಬ್ ತಡವರಿಸುತ್ತಿತ್ತು. ಈ ಚಿಪ್‌ಗೆ ಎಚ್.264 ಬಗೆಯ ವಿಡಿಯೊ ಬಿಚ್ಚುವ ಹಾರ್ಡ್‌ವೇರ್ ಇದೆ, ಯೂಟ್ಯೂಬ್ ಕೊಡುತ್ತಿದ್ದದ್ದು ಬೇರೆ ಬಗೆ. ಎಚ್.264 ಅನ್ನೇ ಕೇಳುವ ಎಕ್ಸ್‌ಟೆನ್ಶನ್ ಫೈರ್‌ಫಾಕ್ಸ್‌ಗೆ ಹಾಕಿದ ಮೇಲೆ ಆರಾಮಾಗಿ ಓಡಿತು. ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯವನ್ನು ಆಫ್‌ಲೈನ್ ಆಗಿಯೂ ತುಂಬಿದೆ. ಶಾಲೆ ನಡೆಯುವ ಹಾಲ್‌ನಲ್ಲಿ ವೈಫೈ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಕೆ-ಎನ್-ಎಫ್-ಎನ್-ಡಬ್ಲ್ಯೂ

ಇಷ್ಟೆಲ್ಲಾ ಮಾಡಿದ್ದು ಇದಕ್ಕೇ. ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್‌ನಲ್ಲೇ ಬರುತ್ತವೆ. ಟೈಪ್ ಮಾಡಲು ಎಫ್‌ಸಿಐಟಿಎಕ್ಸ್5 ಎಂಬ ಪ್ರೋಗ್ರಾಂ, ಅದರ ಜೊತೆ ಹಲವು ಭಾಷೆಗಳ ಕೀಲಿ ವಿನ್ಯಾಸ ಇರುವ ಎಂ17ಎನ್. ಅದರಲ್ಲಿ ಕೆಜಿಪಿ ಎಂಬ ವಿನ್ಯಾಸ ಇದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ನಮ್ಮ ಸರ್ಕಾರಿ ಕಚೇರಿಗಳಲ್ಲಿ ನುಡಿ ಕೀಬೋರ್ಡ್ ಎಂದೇ ಎಲ್ಲರಿಗೂ ಗೊತ್ತು.

ಇದು ಸರಿಯಾಗಿದೆಯಾ ಎಂದು ನೋಡಲು ಮನೆಯಲ್ಲೇ ಜನ ಇದ್ದರು. ಅಪ್ಪ ಅರಸೀಕೆರೆಯಿಂದ ಆರು ತಿಂಗಳಿಗೆ ಬಂದಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕೊನೆಯ ಎಷ್ಟೋ ವರ್ಷ ನುಡಿ ತಂತ್ರಾಂಶದಲ್ಲೇ ಟಿಪ್ಪಣಿ ಹೊಡೆದವರು. ಒಂದನೇ ನಂಬರ್ ಅವರ ಮುಂದೆ ಇಟ್ಟೆ.

ಕನ್ನಡಕ ಸರಿ ಮಾಡಿಕೊಂಡರು. ಕೀಲಿ ಚಿಕ್ಕದಾಯಿತು ಎಂದು ಗೊಣಗಿದರು. ಆಮೇಲೆ ಎರಡೂ ಕೈ ಇಟ್ಟು, ಪರದೆ ನೋಡುತ್ತಲೇ "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಒಂದೇ ಉಸಿರಿಗೆ ಹೊಡೆದರು. ಒಂದು ಒತ್ತಕ್ಷರವೂ ತಪ್ಪಲಿಲ್ಲ.

"ನೋಡಪ್ಪಾ, ಬೆರಳು ಮರೆತಿಲ್ಲ."

ಮಗಳು ಪಕ್ಕದಲ್ಲೇ ನಿಂತಿದ್ದಳು. "ತಾತ, ನೀವು ಕೀಬೋರ್ಡ್ ನೋಡಲೇ ಇಲ್ಲ!"

"ನೋಡೋದಕ್ಕೆ ಅದರ ಮೇಲೆ ಕನ್ನಡ ಎಲ್ಲಿದೆ? ಬಾ ಇಲ್ಲಿ, ಕೂತ್ಕೋ. ಕೆ ಒತ್ತು. ಕ ಬಂತಾ? ಈಗ ಎನ್. ಒತ್ತು ಬೇಕಲ್ಲ, ಎಫ್ ಒತ್ತು. ಮತ್ತೆ ಎನ್. ಈಗ ಡಬ್ಲ್ಯೂ."

ಪರದೆ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು. ಕ. ಕನ. ಕನ್. ಕನ್ನ. ಕನ್ನಡ. ಎಫ್ ಒತ್ತಿದಾಗ ಅರ್ಧವಾದ ನ, ಮುಂದಿನ ನ ಬಂದ ಕೂಡಲೇ ಅದಕ್ಕೆ ಒತ್ತು ಕೊಟ್ಟು ಕೂತಿತು. ಮಗಳು ಅಷ್ಟನ್ನೂ ಅಳಿಸಿ ಮತ್ತೆ ಹೊಡೆದಳು, ಆ ಒತ್ತು ಕೂರುವುದನ್ನು ನೋಡಲಿಕ್ಕೇ. ನೋಟ್‌ಬುಕ್ಕಿನಲ್ಲಿ ಒತ್ತಕ್ಷರ ಎಂದರೆ ಗೋಳಾಡುವ ಹುಡುಗಿ ಅವಳು.

ಅಪ್ಪನ ಪೆನ್‌ಡ್ರೈವ್‌ನಲ್ಲಿದ್ದ ಹಳೇ ನುಡಿ ಫೈಲ್‌ಗಳು ಮಾತ್ರ ತೆರೆದಾಗ ಗೀಚು ಗೀಚಾಗಿ ಬಂದವು. ಅವು ಯೂನಿಕೋಡ್‌ಗೂ ಹಿಂದಿನ ಫಾಂಟ್ ಲೆಕ್ಕದಲ್ಲಿ ಬರೆದವು. ಕೀಲಿಗಳ ಜಾಗ ಅದೇ, ಒಳಗೆ ಉಳಿಯುವ ಸಂಕೇತ ಬೇರೆ. ಅವನ್ನು ಪರಿವರ್ತಿಸುವ ಕೆಲಸ ಇನ್ನೂ ಇದೆ.

ಭಾಷೆ ಬದಲಿಸಲು ಕಂಟ್ರೋಲ್ ಮತ್ತು ಸ್ಪೇಸ್ ಎಂದರೆ ಚಿಕ್ಕ ಮಕ್ಕಳಿಗೆ ಕಷ್ಟ. ಕ್ರೋಮ್‌ಬುಕ್‌ನಲ್ಲಿ ಕ್ಯಾಪ್ಸ್ ಲಾಕ್ ಜಾಗದಲ್ಲಿ ಭೂತಗನ್ನಡಿಯ ಚಿತ್ರದ ಸರ್ಚ್ ಕೀಲಿ ಇದೆ. ಕೀಡಿ ಎಂಬ ಪ್ಯಾಕೇಜ್‌ನಿಂದ ಆ ಕೀಲಿಯನ್ನೇ ಭಾಷೆ ಬದಲಿಸುವ ಕೀಲಿ ಮಾಡಿದೆ. ಮಗಳು ಹನ್ನೊಂದು ದುಂಡು ಸ್ಟಿಕ್ಕರ್ ಮೇಲೆ ಹಸಿರು ಪೆನ್ನಿನಲ್ಲಿ "ಕ" ಬರೆದು ಎಲ್ಲದರ ಸರ್ಚ್ ಕೀಲಿಗೂ ಅಂಟಿಸಿದಳು.

ಆರನೇ ಶನಿವಾರ

ಒಂಬತ್ತನೇ ನಂಬರಿಗೆ ಮೂರು ವಾರದ ಮೇಲೆ ಉತ್ತರ ಬಂತು. ಪಟ್ಟಿಯಲ್ಲಿ ತಪ್ಪಿಹೋಗಿತ್ತು, ಈಗ ಬಿಡಿಸಿದ್ದೇವೆ ಎಂದು ಎರಡೇ ಸಾಲು. ವೈಫೈಗೆ ಸೇರಿಸಿ ನೋಡಿದರೆ ಡಿಸ್ಟ್ರಿಕ್ಟ್‌ನ ಹೆಸರು ಹೋಗಿತ್ತು. ಆ ಸಂಜೆಯೇ ಹುಡುಗ ಒಬ್ಬನೇ ಕೂತು ಸ್ಕ್ರೂ ಬಿಚ್ಚಿದ, ಬ್ಯಾಕಪ್ ತೆಗೆದ, ಮೊಲ ಬರುವವರೆಗೆ ಕಾದ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.

ಹನ್ನೊಂದು ಲ್ಯಾಪ್‌ಟಾಪ್ ಸಿದ್ಧ. ಒಂದು ಹುಡುಗನದು, ಹತ್ತು ಶಾಲೆಗೆ. ಮೂರನೆಯದರ ಕೀಬೋರ್ಡ್, ಹಿಂಜ್ ಮತ್ತು ವೈಫೈ ಕಾರ್ಡ್ ಬಿಚ್ಚಿ ಡಬ್ಬದಲ್ಲಿಟ್ಟಿದ್ದೇನೆ, ಮುಂದೆ ಬೇಕಾಗುತ್ತವೆ. ಭಾನುವಾರ ಬೆಳಿಗ್ಗೆ ಕಾರಿಗೆ ತುಂಬುವಾಗ ಅಪ್ಪ ತಾವೇ ಎರಡು ಎತ್ತಿಕೊಂಡು ಬಂದರು. ಮೊದಲ ಟೈಪಿಂಗ್ ಪಾಠ ಅವರದೇ. ಅಕ್ಷರಗಳ ಜಾಗ ಬರೆದ ಹಾಳೆಯನ್ನು ಹಿಂದಿನ ರಾತ್ರಿ ಅವರೇ ಆ ಕೀಬೋರ್ಡಿನಲ್ಲಿ ಹೊಡೆದು, ಹತ್ತು ಪ್ರತಿ ಪ್ರಿಂಟ್ ತೆಗೆಸಿಕೊಂಡಿದ್ದರು.